ಮೂರಡಿಯ ಕೆಳಗೆ

ಡಯಾಲಿಸಿಸ್ ಸೀಟು ಉಳಿಯಬೇಕಾದರೆ ಮೂರು ತಿಂಗಳಿಗೊಮ್ಮೆ ಹಾಜರಿ ಕೋಣೆಯಲ್ಲಿ ಐದು ನಿಮಿಷ ಕೂತು ಬರಬೇಕು. ನಿಯಮ ಇಷ್ಟೇ. ರೋಗಿಯೇ ಬರಬಹುದು, ಇಲ್ಲವೇ ಮನೆಯವರಲ್ಲಿ ಒಬ್ಬರು. ಎದುರಿನ ಪರದೆಯಲ್ಲಿ ಸೀಟು ಹಂಚುವ ಮಂಡಳಿಯ ಮೂವರು ಕಾಣುತ್ತಾರೆ, ಎರಡು ಪ್ರಶ್ನೆ ಕೇಳುತ್ತಾರೆ, ಸೀಟು ಮುಂದುವರಿಯುತ್ತದೆ. ಬರದಿದ್ದರೆ ಗೈರು. ಗೈರಾದರೆ ಅದೇ ದಿನ ಸಂಜೆಯೊಳಗೆ ಸೀಟು ಸರದಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಅದನ್ನು ಯಾವ ಮನುಷ್ಯನೂ ಮಾಡುವುದಿಲ್ಲ. ಕಂಪ್ಯೂಟರು ತಾನೇ ಮಾಡಿ ಮುಗಿಸುತ್ತದೆ.

ಕೇಳಿದರೆ ಕಟುಕತನ ಅನ್ನಿಸುತ್ತದೆ. ಆದರೆ ಆ ಕಾಲವನ್ನೂ ನೋಡಬೇಕು. ಓಣಿಗೆ ನಾಲ್ಕು ಮಂದಿಯಂತೆ ಕಿಡ್ನಿ ಕೆಟ್ಟವರಿದ್ದರು. ಜಿಲ್ಲೆಗೆಲ್ಲ ಇದ್ದದ್ದು ತೊಂಬತ್ತಾರು ಯಂತ್ರ, ಒಂದೊಂದರಲ್ಲಿ ಪಾಳಿಯ ಮೇಲೆ ಐದಾರು ಸೀಟು. ಸತ್ತವರ ಹೆಸರಿನಲ್ಲಿ, ಊರು ಬಿಟ್ಟವರ ಹೆಸರಿನಲ್ಲಿ ಸೀಟು ಹಿಡಿದಿಟ್ಟುಕೊಳ್ಳುವ ದಲ್ಲಾಳಿಗಳು ಹುಟ್ಟಿಕೊಂಡಿದ್ದರು. ಅವರನ್ನು ತಡೆಯಲೆಂದೇ ಹಾಜರಿ ಕೋಣೆ ಬಂದದ್ದು. ಬಂದಾಗ ಜನ ಖುಷಿಪಟ್ಟರು. ನಾನೂ ಪಟ್ಟೆ.

ಕೋಣೆ ಅಂದರೆ ದೊಡ್ಡದೇನಲ್ಲ. ಒಂದು ಮೇಜು, ಒಂದು ಕುರ್ಚಿ. ಗೋಡೆಗೆ ಪರದೆ, ಪರದೆಯ ನೆತ್ತಿಯ ಮೇಲೆ ಕ್ಯಾಮೆರಾ, ಮೇಜಿನ ಮೇಲೆ ಮೈಕು. ಚಾವಣಿಯಲ್ಲಿ ಊಟದ ತಟ್ಟೆಯಷ್ಟಗಲದ ಬಿಳಿ ಡಬ್ಬಿ. ಅದನ್ನು ನಾವು ಚಾವಣಿ ಕಣ್ಣು ಅನ್ನುತ್ತಿದ್ದೆವು. ಅದಕ್ಕೆ ಮುಖ ಕಾಣುವುದಿಲ್ಲ. ಕೋಣೆಯಲ್ಲಿ ಎಷ್ಟು ತಲೆಗಳಿವೆ, ಪ್ರತಿ ತಲೆ ನೆಲದಿಂದ ಎಷ್ಟು ಎತ್ತರದಲ್ಲಿದೆ, ಇಷ್ಟೇ ಗೊತ್ತಾಗುತ್ತದೆ. ಇಂಥ ನಲವತ್ತೊಂದು ಕೋಣೆಗಳನ್ನು ಜಿಲ್ಲಾಸ್ಪತ್ರೆ ಆವರಣದ ಮಾಳಿಗೆಯಲ್ಲಿದ್ದ ನಿಯಂತ್ರಣ ಕೊಠಡಿಯಿಂದ ನೋಡಿಕೊಳ್ಳುವವನು ನಾನು, ಹಾಲೇಶಪ್ಪ. ಮೊದಲು ಮೈಕ್‌ಸೆಟ್ ಅಂಗಡಿ ಇಟ್ಟಿದ್ದೆ. ಮದುವೆ, ನಾಟಕ, ಚುನಾವಣೆ ಎಲ್ಲ ಆಯಿತು. ಆಮೇಲೆ ಕೇಬಲ್ ಟಿವಿ. ಅದೂ ಮುಗಿದ ಮೇಲೆ ಈ ಕೆಲಸ. ಪುಸ್ತಕ ಓದಿ ಕಲಿತದ್ದಲ್ಲ. ಕೈ ಸುಟ್ಟುಕೊಂಡು ಕಲಿತದ್ದು.

ಈ ಕೋಣೆ ಯಂತ್ರಗಳು ಕಾರ್ಖಾನೆಯಿಂದ ಬರುವಾಗ ಎಲ್ಲ ಊರಿಗೂ ಒಂದೇ ಥರ ಇರುತ್ತವೆ. ನಮಗೆ ಬೇಕಾದ ಹಾಗೆ ಪಳಗಿಸಿಕೊಳ್ಳಲು ಅವಕ್ಕೊಂದು ಹಿತ್ತಲ ಬಾಗಿಲು ಇಟ್ಟಿರುತ್ತಾರೆ. ಎಪಿಐ ಅನ್ನುತ್ತಾರೆ. ಆ ಬಾಗಿಲಲ್ಲಿ ನಿಂತು ಎರಡು ಥರದ ಮಾತಾಡಬಹುದು. ಒಂದು ಅಪ್ಪಣೆ: ಮೈಕು ಮುಚ್ಚು, ದೀಪ ಹಚ್ಚು, ಕರೆ ಕತ್ತರಿಸು. ಇನ್ನೊಂದು ಕಾವಲು: ತಲೆ ಎಣಿಕೆ ಬದಲಾದಾಗಲೆಲ್ಲ ನನಗೆ ತಿಳಿಸು. ಎರಡನ್ನೂ ಜೋಡಿಸಿ ನಾಲ್ಕು ಸಾಲು ಬರೆದು ಯಂತ್ರದೊಳಗೇ ಇಟ್ಟರೆ ಅದು ಮ್ಯಾಕ್ರೊ. ಒಮ್ಮೆ ಇಟ್ಟ ಮೇಲೆ ಅದು ನಮ್ಮನ್ನು ಕೇಳದೆ ತಾನೇ ನಡೆಯುತ್ತದೆ.

ಮಂಡಳಿಯವರು ಹೇಳಿದ ಪ್ರಕಾರ ನಾನು ಬರೆದದ್ದು ಹೀಗಿತ್ತು. ಕೋಣೆಯಲ್ಲಿ ಒಬ್ಬರೇ ಇರಬೇಕು. ಇಬ್ಬರಿದ್ದರೆ ಕರೆ ಶುರುವಾಗಬಾರದು, ಯಾಕೆಂದರೆ ದಲ್ಲಾಳಿಗಳು ಮೂಲೆಯಲ್ಲಿ ನಿಂತು ಹೇಳಿಕೊಡುತ್ತಿದ್ದರು. ಯಾರೂ ಇಲ್ಲವೆಂದರೆ ಹತ್ತು ಸೆಕೆಂಡಿಗೆ ಮೈಕು ಮುಚ್ಚಬೇಕು, ಅರವತ್ತು ಸೆಕೆಂಡಿಗೆ ಕರೆ ಕತ್ತರಿಸಿ, ದೀಪ ಆರಿಸಿ, ಗೈರು ಹಾಕಬೇಕು.

ಮೊದಲ ತಿಂಗಳಲ್ಲೇ ತಾಪತ್ರಯ ಶುರುವಾಯಿತು. ಮಕ್ಕಳೊಂದಿಗೆ ಬರುವ ಹೆಂಗಸರು. ಮಡಿಲಲ್ಲಿದ್ದ ಕೂಸನ್ನು ಚಾವಣಿ ಕಣ್ಣು ತಾಯಿಯ ಜೊತೆಗೇ ಸೇರಿಸಿ ಎಣಿಸುತ್ತಿತ್ತು. ಕೂಸು ನೆಲಕ್ಕಿಳಿಯಿತೋ, ತಲೆ ಎರಡು. ಕರೆ ನಿಂತೇ ಹೋಗುತ್ತಿತ್ತು. ಮಗುವನ್ನು ಹೊರಗೆ ಬಿಟ್ಟು ಬಾ ಅಂದರೆ ಯಾರ ಹತ್ತಿರ ಬಿಡಬೇಕು? ಒಂದೇ ವಾರದಲ್ಲಿ ಹದಿನಾಲ್ಕು ಮಂದಿ ಅಳುತ್ತ ವಾಪಸು ಹೋದರು.

ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ಸುನಂದಳಿಗೆ ಇದನ್ನು ಹೇಳಿದೆ.

"ಅದಕ್ಕೆ ಎತ್ತರ ಗೊತ್ತಾಗುತ್ತೆ ಅಂತೀರಲ್ಲ," ಅಂದಳು. "ಬಸ್ಸಿನಲ್ಲಿ ಕಂಡಕ್ಟರು ಮಕ್ಕಳಿಗೆ ಟಿಕೆಟ್ ಹೆಂಗ್ ಬಿಡ್ತಾನೆ? ಬಾಗಿಲ ಗೆರೆ ನೋಡಿ. ನೀವೂ ಒಂದು ಗೆರೆ ಎಳೀರಿ."

ಮರುದಿನವೇ ಎಳೆದೆ. ಮೂರಡಿಗಿಂತ ಕೆಳಗಿರುವ ತಲೆಯನ್ನು ಕಡೆಗಣಿಸು. ಒಂದೇ ಸಾಲು. ಪರೀಕ್ಷೆ ಮಾಡಿದೆ. ಕುರ್ಚಿಯಲ್ಲಿ ಕೂತೆ, ಎದ್ದೆ, ಅಡ್ಡಾಡಿದೆ. ಸುನಂದಳ ಅಕ್ಕನ ಮೊಮ್ಮಗಳನ್ನು ಕರೆತಂದು ನೆಲದ ಮೇಲೆ ಆಡಲು ಬಿಟ್ಟೆ. ಅವಳು ಮೈಕಿನ ತಂತಿ ಎಳೆದದ್ದೊಂದು ಬಿಟ್ಟರೆ ಎಲ್ಲ ಸರಿ ಇತ್ತು. ಮಧ್ಯಾಹ್ನದೊಳಗೆ ನಲವತ್ತೊಂದೂ ಕೋಣೆಗಳಿಗೆ ಅದೇ ಮ್ಯಾಕ್ರೊ ಕಳಿಸಿದೆ. ನಮ್ಮ ಉಪನಿರ್ದೇಶಕ ತಿಪ್ಪೇಸ್ವಾಮಿ ಸಾಹೇಬರು ಬೆನ್ನು ತಟ್ಟಿದರು. ಹೆಂಗಸರು ಮಕ್ಕಳನ್ನು ನೆಲಕ್ಕೆ ಬಿಟ್ಟು ನಿರುಮ್ಮಳವಾಗಿ ಮಾತಾಡತೊಡಗಿದರು. ಜೀವನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ.

ಅದಾಗಿ ಎಂಟು ತಿಂಗಳಿಗೆ ಕರಿಬಸಮ್ಮ ಬಂದಳು.

ಚಹಾಕ್ಕೆಂದು ಮಾಳಿಗೆಯಿಂದ ಇಳಿಯುತ್ತಿದ್ದೆ. ಮೆಟ್ಟಿಲ ಬುಡದಲ್ಲಿ ಕಾವಲಿನವನ ಜೊತೆ ವಾದಿಸುತ್ತಿದ್ದಳು. ಐವತ್ತರ ಹತ್ತಿರದ ವಯಸ್ಸು, ಸಣ್ಣ ಮೈ, ಸೆರಗಿಗೆಲ್ಲ ಹೊಟ್ಟು ಸುಟ್ಟ ಹೊಗೆಯ ವಾಸನೆ. ಮಂಡಕ್ಕಿ ಭಟ್ಟಿಯವರು ಹತ್ತಿರ ಬಂದರೆ ಹೇಳದೆಯೇ ಗೊತ್ತಾಗುತ್ತದೆ.

"ಕೋಣೆ ನೋಡ್ಕೊಳ್ಳೋರು ನೀವೇನ್ರಿ ಯಜಮಾನ್ರೆ?"

"ಹೌದು ತಾಯಿ. ಏನಾಗಬೇಕಿತ್ತು?"

"ನನ್ನ ಗೈರು ಅಂತ ಬರ್ದಾರಂತೆ. ನಾನು ಅಲ್ಲೇ ಇದ್ದೆನಲ್ರಿ."

ಹೀಗೆ ಹೇಳಿಕೊಂಡು ತಿಂಗಳಿಗೆ ನಾಲ್ಕೈದು ಮಂದಿ ಬರುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರು, ದಿನ ಮರೆತವರು. ನಾನು ಅವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: ಯಂತ್ರ ಸುಳ್ಳು ಹೇಳುವುದಿಲ್ಲ ತಾಯಿ. ಅವಳಿಗೂ ಅದನ್ನೇ ಹೇಳಿದೆ.

"ಹಂಗಾದ್ರೆ ನಾನು ಸುಳ್ಳು ಹೇಳ್ತೀನೇನ್ರಿ? ಪರದೆ ಮ್ಯಾಲಿನ ಡಾಕ್ಟ್ರು, ಡಯಾಲಿಸಿಸ್ ಎರಡು ಸಲ ತಪ್ಪಿಸಿದ್ದೀರಿ, ಹಿಂಗಾದ್ರೆ ಸೀಟು ಬೇರೆಯೋರಿಗೆ ಕೊಡಬೇಕಾಗುತ್ತೆ ಅಂದ್ರು. ನನ್ನ ಜೀವ ಬಾಯಿಗೆ ಬಂತು. ಬ್ಯಾಡ್ರಿಯಪ್ಪಾ ಅಂದೆ. ಆಮ್ಯಾಲೆ ಅವ್ರು ಒಂದು ಮಾತೂ ಆಡ್ಲಿಲ್ಲ. ಕರೆಂಟೂ ಹೋತು. ನೆಲ ಬ್ಯಾರೆ ತಣ್ಣಗಿತ್ತು."

ಹೊರಟಿದ್ದವನು ನಿಂತೆ. "ನೆಲ ಯಾಕಮ್ಮ? ಕುರ್ಚಿ ಇತ್ತಲ್ಲ."

"ಅಯ್ಯ, ಕಾಲಿಗೆ ಬಿದ್ದಿದ್ದೆನಲ್ರಿ. ಮೇಜು ದಾಟಿ ಹೋಗಿ ಆ ಪರದೆ ಬುಡಕ್ಕೆ ಉದ್ದಕ ಬಿದ್ದೆ. ಏಳಮ್ಮ ಅಂತಾರೇನೋ ಅಂತ ಕಾದೆ. ಅನ್ಲಿಲ್ಲ. ಅನ್ನದ ಹೆಂಗ್ ಏಳೋದು?"

ನನಗೆ ಚಹಾ ಬೇಡವಾಯಿತು.

ಮಾಳಿಗೆಗೆ ಹತ್ತಿ ಆ ದಿನದ ದಾಖಲೆ ತೆಗೆದೆ. ದಾಖಲೆಯ ಸಾಲುಗಳನ್ನು ನಾನೇ ಕನ್ನಡದಲ್ಲಿ ಬರೆದಿದ್ದೆ, ಸಾಹೇಬರಿಗೆ ಓದಲು ಸುಲಭವಾಗಲಿ ಅಂತ.

ಹನ್ನೊಂದು ನಲವತ್ತೆರಡು: ತಲೆ ಒಂದು, ಎತ್ತರ ನಾಲ್ಕಡಿ. ಕರೆ ಆರಂಭ.

ಹನ್ನೊಂದು ನಲವತ್ನಾಲ್ಕು: ತಲೆ ಒಂದು, ಎತ್ತರ ಐದಡಿ. ಎದ್ದು ನಿಂತಿದ್ದಾಳೆ.

ನಾಲ್ಕು ಸೆಕೆಂಡಿನ ನಂತರ: ತಲೆ ಒಂದು, ಎತ್ತರ ಅರ್ಧ ಅಡಿ. ಕಡೆಗಣಿಸಲಾಗಿದೆ.

ಆಮೇಲೆ: ಕೋಣೆ ಖಾಲಿ. ಮೈಕು ಮುಚ್ಚಲಾಗಿದೆ. ಆಮೇಲೆ: ಕರೆ ಕತ್ತರಿಸಲಾಗಿದೆ. ದೀಪ ಆರಿಸಲಾಗಿದೆ. ಗೈರು.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಹನ್ನೊಂದು ಐವತ್ತು: ತಲೆ ಒಂದು, ಎತ್ತರ ಐದಡಿ. ಅಂದರೆ ಕರೆ ಕತ್ತರಿಸಿದ ಮೇಲೂ ನಾಲ್ಕೈದು ನಿಮಿಷ ಅವಳು ಕತ್ತಲಲ್ಲಿ ಹಾಗೇ ಬಿದ್ದಿದ್ದಳು, ಯಾರಾದರೂ ಏಳಮ್ಮ ಅಂದಾರೆಂದು. ಕೋಣೆಯ ಜವಾನ ಬಾಗಿಲು ತೆಗೆದ ಮೇಲೆ ಎದ್ದಿದ್ದಾಳೆ.

ಮಂಡಳಿಯವರಿಗೆ ಕಂಡದ್ದು ಖಾಲಿ ಕುರ್ಚಿ. ಪರದೆಯ ಬುಡ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಮೈಕು ಮುಚ್ಚಿದ್ದರಿಂದ ಅವಳು ಅತ್ತದ್ದು ಅವರಿಗೆ ಕೇಳಿಲ್ಲ. ಸಿಟ್ಟಾಗಿ ಎದ್ದು ಹೋದಳು ಅಂದುಕೊಂಡಿದ್ದಾರೆ. ಅವಳು ಅಲ್ಲೇ ಇದ್ದಾಳೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಚಾವಣಿ ಕಣ್ಣಿಗೆ ಮಾತ್ರ. ಅದು ಹೇಳಿತ್ತು. ಹೇಳಿದ್ದನ್ನು ಕೇಳಬೇಡ ಎಂದು ಬರೆದವನು ನಾನು.

ಮೂವತ್ತು ವರ್ಷ ವೇದಿಕೆಯ ಪಕ್ಕದಲ್ಲಿ ಮೈಕು ಹಿಡಿದು ನಿಂತವನು. ಸ್ವಾಮಿಗಳಿಗೆ, ಶಾಸಕರಿಗೆ, ಬೀಗರಿಗೆ, ಎಷ್ಟು ಜನ ಅಡ್ಡಬಿದ್ದದ್ದನ್ನು ನೋಡಿಲ್ಲ! ನನ್ನ ಮದುವೆಯಲ್ಲಿ ನಾನೇ ಎಷ್ಟು ಮಂದಿಗೆ ಬಿದ್ದಿದ್ದೆನೋ. ಪರೀಕ್ಷೆ ಮಾಡುವಾಗ ಕೂತೆ, ಎದ್ದೆ, ನಡೆದೆ. ಮನುಷ್ಯ ಬೀಳುತ್ತಾನೆ ಅನ್ನುವುದೊಂದು ನೆನಪಿಗೆ ಬರಲಿಲ್ಲ.

ದಾಖಲೆ ಹಿಡಿದು ತಿಪ್ಪೇಸ್ವಾಮಿ ಸಾಹೇಬರ ಹತ್ತಿರ ಹೋದೆ. ಕೆಟ್ಟವರಲ್ಲ. ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಆ ಸೀಟು ಯಾರಿಗೆ ಹೋಯ್ತು?"

"ಒಬ್ಬ ಮೇಷ್ಟ್ರಿಗೆ ಸಾರ್. ಏಳು ತಿಂಗಳಿಂದ ಸರದಿಯಲ್ಲಿದ್ದರು."

"ಬಾ."

ಆವರಣ ದಾಟಿ ಡಯಾಲಿಸಿಸ್ ವಾರ್ಡಿಗೆ ಕರೆದುಕೊಂಡು ಹೋದರು. ಮೇಷ್ಟ್ರು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು. ತೋಳಿನ ಕೊಳವೆಯಲ್ಲಿ ರಕ್ತ ಹೋಗುತ್ತಿತ್ತು, ಬರುತ್ತಿತ್ತು. ಅವರ ಹೆಂಡತಿ ಕಾಲ ಬುಡದಲ್ಲಿ ಕೂತು ಪಾದದ ಬಾವು ಇಳಿದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಇಳಿದಿತ್ತೇನೋ, ನಮ್ಮನ್ನು ಕಂಡು ನಕ್ಕರು.

"ಎಬ್ಬಿಸ್ತೀಯಾ?" ಸಾಹೇಬರು ಮೆಲ್ಲಗೆ ಕೇಳಿದರು. "ನನ್ನ ಕೈಲಿ ಆಗಲ್ಲ. ನಿನ್ನ ಕೈಲಿ ಆಗೋದಾದರೆ ಎಬ್ಬಿಸು."

ಹೊರಗೆ ಬಂದ ಮೇಲೆ ಇನ್ನೊಂದು ಕಾಗದ ಕೊಟ್ಟೆ. ಎಂಟು ತಿಂಗಳ ದಾಖಲೆಯನ್ನೆಲ್ಲ ಜಾಲಾಡಿದ್ದೆ. 'ಕಡೆಗಣಿಸಲಾಗಿದೆ' ಅನ್ನುವ ಸಾಲಿನ ಹಿಂದೆಯೇ 'ಗೈರು' ಬಂದಿದ್ದು ಕರಿಬಸಮ್ಮನದೂ ಸೇರಿ ಮೂವತ್ತೆರಡು ಸಲ. ಕೆಲವರು ಬಿದ್ದವರು. ಕೆಲವರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಕೈಮುಗಿದವರು. ಅಲ್ಲೇ ಇದ್ದೆವು ಅಂತ ನನ್ನ ಹತ್ತಿರ ಬಂದು ಹೇಳಿದವರು ಅವರಲ್ಲಿ ಎಷ್ಟು ಜನವೋ! ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಕಳಿಸಿದ್ದೆ. ಆ ಸೀಟುಗಳ ರೋಗಿಗಳಲ್ಲಿ ಹತ್ತೊಂಬತ್ತು ಜನರ ಹೆಸರಿನ ಮುಂದೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಈಗ ದಿವಂಗತ ಎಂದಿತ್ತು.

ಸಾಹೇಬರು ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು. "ಆಯಮ್ಮನಿಗೆ ಮರುವಿಚಾರಣೆ ಹಾಕಿಸ್ತೀನಿ. ಇಪ್ಪತ್ತೈದು ದಿನ ಆಗುತ್ತೆ. ಅದಕ್ಕಿಂತ ಮುಂಚೆ ದಿನಾಂಕ ಇಲ್ಲ, ಹಾಲೇಶಪ್ಪ. ನೀನು ಆ ಸಾಲನ್ನ ಸರಿಮಾಡು."

ಮನೆಗೆ ಬಂದು ಊಟಕ್ಕೆ ಕೂತವನು ಸುನಂದಳಿಗೆ ಎಲ್ಲ ಹೇಳಿದೆ. ಅವಳು ಅನ್ನಕ್ಕೆ ಕೈ ಹಾಕಲಿಲ್ಲ.

"ಗೆರೆ ಎಳೀರಿ ಅಂದಿದ್ದು ನಾನು," ಅಂದಳು.

"ಎಳೆದದ್ದು ನಾನು."

"ಮಕ್ಕಳನ್ನ ಬಿಡಿ ಅಂತ ಹೇಳಿದೆನೇ ಹೊರತು, ಬಿದ್ದವರನ್ನ ಬಿಡಿ ಅಂದೆನಾ?" ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಆಕೆ ಮನೆಗೆ ಹೋಗಿ ಬನ್ನಿ. ಯಾರಿಗೆ ಸೀಟು ಇತ್ತು ಅಂತಾನೂ ಕೇಳಿಲ್ಲ ನೀವು."

ಕೇಳಿರಲಿಲ್ಲ.

ಕರಿಬಸಮ್ಮನ ಮನೆ ಭಟ್ಟಿಗಳ ಸಾಲಿನ ಹಿಂದಿತ್ತು. ಒಂದೇ ಕೋಣೆ. ಗೋಡೆಗೊರಗಿ ಮೂರು ದಿಂಬಿನ ಆಸರೆಯಲ್ಲಿ ಇಪ್ಪತ್ತೇಳರ ಹೆಂಗಸು ಕೂತಿದ್ದಳು. ಮುಖ ಊದಿ ಹೊಳೆಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ಹಗಲೂ ರಾತ್ರಿಯೂ ಕೂತೇ ಇರುತ್ತಾಳೆ ಅಂದರು. ಪಕ್ಕದಲ್ಲಿ ಸ್ಟೀಲ್ ಲೋಟದಲ್ಲಿ ಅರ್ಧ ನೀರು. ಅದು ಆ ದಿನದ ಪಾಲು.

"ನಮ್ ನಾದಿನಿ ಮಂಗಳ," ಅಂದಳು ಕರಿಬಸಮ್ಮ. "ನಾನು ಈ ಮನಿಗೆ ಬಂದಾಗ ಏಳು ವರ್ಷದಾಕಿ. ಅತ್ತಿ ಇರಲಿಲ್ಲ. ಜಡಿ ಹಾಕಿದಾಕಿ ನಾನೇ, ಮೈ ನೆರೆದಾಗ ಆರತಿ ಮಾಡಿದಾಕಿ ನಾನೇ. ನಮ್ ಯಜಮಾನ್ರು ಹೋದಮ್ಯಾಲೆ ನಾವಿಬ್ರೇ."

ನಾನು ನಿಂತೇ ಹೇಳಿಬಿಟ್ಟೆ. ಮೂರಡಿಯ ಗೆರೆ ಎಳೆದದ್ದು ನಾನು, ಯಾಕೆ ಎಳೆದೆ, ಏನಾಯಿತು, ಎಲ್ಲ. ಬೈಯಲಿ ಅಂತಲೇ ಹೋಗಿದ್ದೆ.

ಮಂಗಳ ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಸಾಲದು. "ಅತ್ತಿಗೀನ ಬೀಳಬ್ಯಾಡ ಅನ್ನಾಕ ಆಗಲ್ಲ ಬಿಡ್ರಿ. ಬೀಳೋದ್ರಾಗ ನಂಬರ್ ಒನ್. ನನ್ನ ಸಲುವಾಗಿ ಬಸ್ ಕಂಡಕ್ಟರ್ ಕಾಲಿಗೂ ಬಿದ್ದಾಳೆ. ಪಾಪ, ಅವ ಟಿಕೆಟ್ ಕೊಡೋದು ಬಿಟ್ಟು ಓಡಿಹೋದ."

"ಸುಮ್ಕಿರು ನೀನು," ಅಂದಳು ಕರಿಬಸಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಕೂಸಿನ ತಾಯಂದ್ರಿಗೆ ಅನುಕೂಲ ಆಗ್ಲಿ ಅಂತ ಮಾಡೀರಿ. ತಪ್ಪೇನೈತಿ. ನನಗ ಮಕ್ಕಳಿಲ್ಲ ನೋಡ್ರಿ, ಅದಕ್ಕ ಗೊತ್ತಾಗಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಮರುವಿಚಾರಣೆಯ ದಿನ ಹೇಗಿರಬೇಕೆಂದು ಹೇಳಿಕೊಟ್ಟೆ. "ಕುರ್ಚಿ ಬಿಟ್ಟು ಇಳಿಯಬೇಡಿ. ಅವರು ಏನೇ ಅಂದರೂ ಬೆನ್ನು ನೆಟ್ಟಗಿರಲಿ. ಮೊದಲು ಹೆಸರು ಹೇಳಿ, ಆಮೇಲೆ ಸೀಟಿನ ನಂಬರು. ಅತ್ತರೂ ಕೂತೇ ಅಳಿ. ಏನೇ ಆದರೂ ಗೈರಾಗಬೇಡಿ."

ಮಂಗಳ ಅತ್ತಿಗೆಯನ್ನು ಎಣ್ಣೆ ಡಬ್ಬಿ ಬೋರಲು ಹಾಕಿಸಿ ಅದರ ಮೇಲೆ ಕೂರಿಸಿದಳು. ತಾನು ಮಂಡಳಿಯ ಡಾಕ್ಟರಾದಳು. ದನಿ ದಪ್ಪ ಮಾಡಿಕೊಂಡು, "ಏನಮ್ಮಾ, ಎರಡು ಸಲ ತಪ್ಪಿಸಿದ್ದೀರಿ?" ಅಂದಳು. ಕರಿಬಸಮ್ಮ ಅಷ್ಟಕ್ಕೇ ಎರಡೂ ಕೈ ಜೋಡಿಸಿ ಮುಂದಕ್ಕೆ ಬಾಗಿದಳು. "ಗೈರು!" ಎಂದು ಮಂಗಳ ಕೂಗಿದಳು. ಮೂವರೂ ನಕ್ಕೆವು. ಮತ್ತೆ ಕೂರಿಸಿದಳು, ಮತ್ತೆ ಬಾಗಿದಳು, ಮತ್ತೆ ಗೈರು. ಎಷ್ಟೋ ಸಲದ ಮೇಲೆ ಬೆನ್ನು ನೆಟ್ಟಗೆ ನಿಂತಿತು. ಇಪ್ಪತ್ತು ವರ್ಷ ಭಟ್ಟಿಯ ಮುಂದೆ ಬಗ್ಗಿ ಮರಳು ಕೆದರಿದ ಬೆನ್ನು ಅದು. ಹಾಗೆ ಕೂರುವುದು ಅವಳಿಗೆ ನೋವು ಕೊಡುತ್ತಿತ್ತೆಂದು ಮುಖದಲ್ಲೇ ಕಾಣುತ್ತಿತ್ತು.

ಇತ್ತ ನಿಯಂತ್ರಣ ಕೊಠಡಿಯಲ್ಲಿ ಆ ಸಾಲು ಹಿಡಿದು ಕೂತೆ. ಗೆರೆಯನ್ನು ಕೆಳಗೆ ತಂದರೆ ಮತ್ತೆ ಮಕ್ಕಳು ಲೆಕ್ಕಕ್ಕೆ ಬರುತ್ತಾರೆ, ತಾಯಂದಿರು ವಾಪಸು ಹೋಗುತ್ತಾರೆ. ಇದ್ದಲ್ಲೇ ಬಿಟ್ಟರೆ ಬಿದ್ದವರು ಕಾಣೆಯಾಗುತ್ತಾರೆ. ಅಲುಗಾಡುವ ತಲೆ ಮಗುವಿನದು, ಅಲುಗಾಡದ ತಲೆ ಬಿದ್ದವರದು ಅಂತ ಬೇರೆ ಮಾಡಲು ನೋಡಿದೆ. ಮಲಗಿದ ಮಗು ಅಲುಗಾಡುವುದಿಲ್ಲ. ಬಿದ್ದು ಅಳುವವರು ಅಲುಗಾಡುತ್ತಾರೆ. ನೆಲದಲ್ಲಿ ಆಡುವ ಕೂಸಿಗೂ ಕಾಲಿಗೆ ಬಿದ್ದ ಮನುಷ್ಯರಿಗೂ ಎತ್ತರ ಒಂದೇ. ಒಬ್ಬರೇ ಇರಬೇಕೆಂಬ ನಿಯಮವನ್ನೇ ತೆಗೆಯಿರಿ ಎಂದು ಮಂಡಳಿಗೆ ಬರೆದೆ. ದಲ್ಲಾಳಿಗಳು ವಾಪಸು ಬರುತ್ತಾರೆ ಅಂದರು. ಅದೂ ಸುಳ್ಳಲ್ಲ.

ಕೊನೆಗೆ ಒಂದು ದಾರಿ ಹೊಳೆಯಿತು. ಕೋಣೆ ಖಾಲಿ ಅನ್ನಿಸಿದ ತಕ್ಷಣ ಮೈಕು ಮುಚ್ಚುವ ಬದಲು ಯಂತ್ರ ಮಾತಾಡಲಿ. ಸುನಂದಳ ದನಿಯಲ್ಲಿ, "ಏಳಮ್ಮ, ಏಳಪ್ಪ. ಕುರ್ಚಿ ಮೇಲೆ ಕೂತ್ಕೊಂಡು ಹೇಳಿ, ಕೇಳಿಸ್ಕೊಳ್ತೀವಿ," ಎಂದು ಮುದ್ರಿಸಿಕೊಂಡೆ. ಮಂಡಳಿಗೆ ಉಪಾಯ ಒಪ್ಪಿಗೆಯಾಯಿತು, ಮಾತು ಒಪ್ಪಿಗೆಯಾಗಲಿಲ್ಲ. ಸರಕಾರಿ ಯಂತ್ರ ಏಳಮ್ಮ ಏಳಪ್ಪ ಅನ್ನಬಾರದಂತೆ. ಕೇಳಿಸ್ಕೊಳ್ತೀವಿ ಎಂದು ಮಾತು ಕೊಡಲೂಬಾರದಂತೆ. 'ದಯವಿಟ್ಟು ತಮ್ಮ ಆಸನದಲ್ಲಿ ಆಸೀನರಾಗಿ' ಎಂದು ಯಾವುದೋ ಸ್ಟುಡಿಯೋದ ಹೆಣ್ಣುದನಿ ಬಂತು. ಜೊತೆಗೆ ಗೋಡೆಗೊಂದು ಫಲಕ: ಪರದೆಗೆ ನಮಸ್ಕರಿಸಬಾರದು.

ಅದೂ ಕೆಲಸ ಮಾಡಿತು. ಆಮೇಲೆ ಯಾರೂ ಹಾಗೆ ಗೈರಾಗಲಿಲ್ಲ. ಹತ್ತು ನಿಮಿಷದ ಕೆಲಸ ಅದು. ಎಂಟು ತಿಂಗಳ ಹಿಂದೆ ಮಾಡಬಹುದಿತ್ತು.

ಮಂಗಳಳಿಗೆ ಖಾಸಗಿ ಆಸ್ಪತ್ರೆಯಲ್ಲಿ ಮೂರು ಸಲ ಡಯಾಲಿಸಿಸ್ ಮಾಡಿಸಿದೆವು. ಭಟ್ಟಿಯವರು, ಓಣಿಯವರು, ಸುನಂದ, ನಾನು, ಎಲ್ಲ ಸೇರಿ. ನಾಲ್ಕನೆಯದಕ್ಕೆ ದುಡ್ಡು ಹೊಂದಲಿಲ್ಲ. ವಾರಕ್ಕೆ ಎರಡು ಬೇಕಾದವಳಿಗೆ ಇಪ್ಪತ್ತು ದಿನದಲ್ಲಿ ಮೂರು. ಸೋಮವಾರ ಬೆಳಿಗ್ಗೆ ಹೋದಳಂತೆ, ಕೂತಲ್ಲೇ, ಗೋಡೆಗೆ ಒರಗಿ. ನನಗೆ ತಿಳಿದದ್ದು ಬುಧವಾರ. ಮರುವಿಚಾರಣೆ ಶುಕ್ರವಾರ ಇತ್ತು.

ಕರಿಬಸಮ್ಮ ಬರಲಾರಳು ಅಂದುಕೊಂಡಿದ್ದೆ. ಆದರೂ ಶುಕ್ರವಾರ ಹನ್ನೊಂದಕ್ಕೆ, ಅವಳು ಹಿಂದೆ ಬಿದ್ದಿದ್ದ ಅದೇ ಹದಿನೇಳನೆಯ ಕೋಣೆಯ ಕಿಟಕಿಯನ್ನು ನನ್ನ ಪರದೆಯಲ್ಲಿ ತೆರೆದಿಟ್ಟುಕೊಂಡೆ. ಹನ್ನೊಂದು ಹತ್ತಕ್ಕೆ ದೀಪ ಹತ್ತಿತು. ತಲೆ ಒಂದು, ಎತ್ತರ ನಾಲ್ಕಡಿ.

ಬಂದಿದ್ದಳು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಎರಡೂ ಅಂಗೈ ತೊಡೆಯ ಮೇಲೆ. ಬೆನ್ನು, ಮಂಗಳ ಹೇಳಿಕೊಟ್ಟ ಹಾಗೆ, ಗೋಡೆಯಂತೆ ನೆಟ್ಟಗೆ.

"ಹೆಸರು ಕರಿಬಸಮ್ಮ. ಸೀಟ್ ನಂಬರು ಮುನ್ನೂರಾ ಎಂಟು," ಅಂದಳು ಅವರು ಕೇಳುವ ಮೊದಲೇ.

ಮಂಡಳಿಯ ಅಧ್ಯಕ್ಷರಾದ ಡಾಕ್ಟರು ಕಾಗದ ನೋಡಿದರು. "ಹಾಂ. ಕಳೆದ ಸಲ ಯಂತ್ರದ ತೊಂದರೆ ಅಂತ ವರದಿ ಇದೆ. ನಿಮ್ಮದು ತಪ್ಪಿಲ್ಲಮ್ಮ. ನಿನ್ನೆ ಒಂದು ಸೀಟು ಖಾಲಿಯಾಗಿದೆ, ಅದನ್ನ ಮಂಗಳ ಅವರಿಗೆ ಮಂಜೂರು ಮಾಡ್ತಿದ್ದೇವೆ. ಸೋಮವಾರದಿಂದ ಕರಕೊಂಡು ಬನ್ನಿ. ನೋಡಿ, ಹೀಗೆ ನೀಟಾಗಿ ಕೂತು ಮಾತಾಡಿದರೆ ಎಲ್ಲಾ ಸುಲಭ."

"ಆಕಿ ಇಲ್ರಿ. ಸೋಮವಾರ ಹೋದಳು."

ಮೂವರೂ ಕಾಗದದಿಂದ ತಲೆ ಎತ್ತಿದರು.

"ಮತ್ತೆ... ನೀವು ಬಂದದ್ದು?"

"ಬರ್ಲಿಲ್ಲಂದ್ರ ಗೈರು ಅಂತ ಬರೀತೀರಲ್ರಿ." ಅಂಗೈ ತೊಡೆಯ ಮೇಲೇ ಇದ್ದವು. "ಅತ್ತಿಗಿ ಬರಲಿಲ್ಲ, ಅದಕ್ಕ ಸೀಟು ಹೋತು ಅಂತ ಆಕಿ ಹೆಸರಿನ ಮುಂದ ಇರಬಾರದು. ನಾ ಆವತ್ತೂ ಇದ್ದೆ. ಇವತ್ತೂ ಅದೀನಿ. ಅಷ್ಟು ಬರಕೊಳ್ರಿ."

ಡಾಕ್ಟರು ಪಕ್ಕದವರನ್ನು ಏನೋ ಕೇಳಿದರು. ಅವರು ಕಂಪ್ಯೂಟರಿನಲ್ಲಿ ಹುಡುಕಿದರು. ನನಗೆ ಗೊತ್ತಿತ್ತು, ತಿದ್ದುವ ದಾರಿ ಸಿಗುವುದಿಲ್ಲ. ಒಮ್ಮೆ ಬಿದ್ದ ಗೈರನ್ನು ಯಾರೂ ತಿದ್ದುವಂತಿಲ್ಲ; ದಲ್ಲಾಳಿಗಳ ಕೈಗೆ ಸಿಗಬಾರದೆಂದು ಅದಕ್ಕೆ ಬೀಗ ಹಾಕಿಸಿದವನೂ ನಾನೇ. ಹಿಂದಿನ ಎರಡು ದಿನ ಅದನ್ನು ಒಡೆಯಲು ನೋಡಿ ಸೋತಿದ್ದೆ.

"ಆಯ್ತಮ್ಮ. ಗಮನಿಸಿದ್ದೇವೆ," ಅಂದರು ಡಾಕ್ಟರು. ಕರೆ ಮುಗಿಯಿತು. ಪರದೆ ಕಪ್ಪಾಯಿತು. ದಾಖಲೆಯಲ್ಲಿ ಹೊಸ ಸಾಲು ಬಿತ್ತು: ಹಾಜರು. ಫಲಾನುಭವಿ ಲಭ್ಯವಿಲ್ಲ. ಕಡತ ಮುಕ್ತಾಯ.

ಕರಿಬಸಮ್ಮ ಏಳಲಿಲ್ಲ.

ಹಾಗೇ ಕೂತಿದ್ದಳು, ನೆಟ್ಟಗೆ, ಕಪ್ಪು ಪರದೆಯನ್ನೇ ನೋಡುತ್ತ. ಕೋಣೆಯಲ್ಲಿ ಒಂದು ತಲೆ ಇರುವವರೆಗೆ ದೀಪ ಆರಿಸಬಾರದೆಂದು ಮ್ಯಾಕ್ರೊದಲ್ಲಿತ್ತು. ದೀಪ ಉರಿಯುತ್ತಿತ್ತು. ಐದು ನಿಮಿಷ. ಹತ್ತು. ಕೋಣೆಯ ಜವಾನ ಬಾಗಿಲು ಸ್ವಲ್ಪ ತೆಗೆದು ನೋಡಿ, ಏನೋ ಅನ್ನಿಸಿ, ಮತ್ತೆ ಮುಚ್ಚಿದ. ಹೊರಗೆ ಮುಂದಿನವರು ಕಾಯುತ್ತಿದ್ದರು. ಸಾಹೇಬರ ಫೋನು ಬಂತು.

"ಹದಿನೇಳು ಯಾಕೆ ಖಾಲಿಯಾಗಿಲ್ಲ?"

"ಅವರಿನ್ನೂ ಕೂತಿದ್ದಾರೆ ಸಾರ್."

"ಎಬ್ಬಿಸಪ್ಪ. ನೀನೇ ಹೇಳು."

ಒಂದು ಗುಂಡಿ ಒತ್ತಿದರೆ ಸ್ಟುಡಿಯೋದ ಹೆಣ್ಣು ಮಾತಾಡುತ್ತಿದ್ದಳು. ನಾನು ನನ್ನ ಮೇಜಿನ ಮೈಕು ಹತ್ತಿರ ಎಳೆದುಕೊಂಡೆ. ಆ ಮಾತನ್ನು ಒಂದು ತಿಂಗಳ ಹಿಂದೆ ಯಾರಾದರೂ ಒಬ್ಬರು ಅಂದಿದ್ದರೆ ಸಾಕಿತ್ತು.

"ಏಳಮ್ಮ," ಅಂದೆ.

ಅವಳು ಚಾವಣಿಯ ಕಡೆ ನೋಡಿದಳು, ದನಿ ಅಲ್ಲಿಂದ ಬಂತೇನೋ ಅನ್ನುವ ಹಾಗೆ. ಆಮೇಲೆ ಮೇಜಿಗೆ ಕೈಯೂರಿ ಎದ್ದಳು. ತಲೆ ಒಂದು, ಎತ್ತರ ಐದಡಿ. ಬಾಗಿಲು ತೆರೆಯಿತು, ಮುಚ್ಚಿತು. ಕೋಣೆ ಖಾಲಿ. ದೀಪ ಆರಿಸಲಾಗಿದೆ.

ಅರ್ಧ ನಿಮಿಷಕ್ಕೆ ಮತ್ತೆ ದೀಪ ಹತ್ತಿತು. ಕಂಕುಳಲ್ಲಿ ಕೂಸಿದ್ದ ಒಬ್ಬಳು ಹೆಂಗಸು ಒಳಗೆ ಬಂದಳು. ಕೂಸನ್ನು ನೆಲಕ್ಕೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡಳು. ಕೂಸು ಅಂಬೆಗಾಲಿಡುತ್ತ ಮೇಜಿನ ಕೆಳಗೆ ನುಸುಳಿ ಪರದೆಯ ಬುಡಕ್ಕೆ ಹೋಯಿತು. ಕರಿಬಸಮ್ಮ ಬಿದ್ದಿದ್ದ ಜಾಗ. ನನ್ನ ಮುಂದೆ ಎರಡು ಸಾಲು ಮೂಡಿದವು.

ತಲೆ ಒಂದು, ಎತ್ತರ ನಾಲ್ಕಡಿ. ಕರೆ ಆರಂಭ.

ತಲೆ ಒಂದು, ಎತ್ತರ ಒಂದಡಿ. ಕಡೆಗಣಿಸಲಾಗಿದೆ.